ಏಳು ದಿನದ ಔಷಧಿ

ಹಿರೇಹಡಗಲಿಯಲ್ಲಿ ನಾನು ಆಶಾ ಕಾರ್ಯಕರ್ತೆ. ಮಕ್ಕಳ ಕಿವಿಗೆ ಬಿಸಿ ಎಣ್ಣೆ ಬಿಡಬೇಡಿ, ಡಾಕ್ಟರು ಕೊಟ್ಟ ಔಷಧಿಯನ್ನು ಅರ್ಧಕ್ಕೆ ನಿಲ್ಲಿಸಬೇಡಿ ಎಂದು ಮನೆಮನೆಗೆ ಹೋಗಿ ಹೇಳುತ್ತೇನೆ. ಹೇಳುವುದರಲ್ಲಿ ನಾನು ಗಟ್ಟಿ.

ಹೋದ ವರ್ಷ ನೆಗಡಿಯಾಗಿ ಮಲಗಿದ್ದ ಐದು ವರ್ಷದ ಮಗಳು ಎಡಗಿವಿ ಹಿಡಿದುಕೊಂಡು ಅಳತೊಡಗಿದಳು. ಅತ್ತೆ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ತಂದರು.

"ಬ್ಯಾಡ ಅತ್ತಿ, ಕಿವಿ ಕೆಡತೈತಿ," ಎಂದು ಶುರುಮಾಡಿ ಭಾಷಣವನ್ನೇ ಮಾಡಿದೆ. ಅವರು ಆ ಎಣ್ಣೆಯನ್ನು ಸಾರಿನ ಒಗ್ಗರಣೆಗೆ ಸುರಿದರು.

ಮಗಳನ್ನು ತಾಲ್ಲೂಕು ಕೇಂದ್ರ ಹಡಗಲಿಗೆ ಕರೆದೊಯ್ದೆ. ಅಲ್ಲಿನ ಡಾಕ್ಟರು ಸಣ್ಣ ಬೆಳಕು ಬಿಟ್ಟು ಕಿವಿಯೊಳಗೆ ನೋಡಿದರು. "ಕಿವಿ ತಮಟಿ ಕೆಂಪಾಗಿ ಉಬ್ಬೇತಿ, ಹಿಂದ ಕೀವು ತುಂಬೇತಿ. ಏಳು ದಿನ ಈ ಸಿರಪ್ ಕೊಡ್ರಿ. ನಿಮಗೇನು ಹೇಳೋದೈತ್ರಿ, ಊರಿಗೇ ಹೇಳೋರು ನೀವು!" ಎಂದರು. ನಾನು ಉಬ್ಬಿಹೋದೆ.

ಮೂರನೆಯ ದಿನ ಮಗಳು ಓಣಿಯಲ್ಲಿ ಕುಣಿಯುತ್ತಿದ್ದಳು. ನೋವಿಲ್ಲ, ಜ್ವರವಿಲ್ಲ. ಸಿರಪ್ಪಿಗೆ ಮುಖ ಸಿಂಡರಿಸುವ ಮಗುವಿಗೆ ಸುಮ್ಮನೆ ಯಾಕೆ ಹಿಂಸೆ ಎಂದು ನಿಲ್ಲಿಸಿಬಿಟ್ಟೆ. ಬೇರೆ ತಾಯಂದಿರು ಹೀಗೆ ಮಾಡಿದರೆ ನಾನು ಎಷ್ಟು ಬೈಯುತ್ತಿದ್ದೆನೆಂಬುದು ಆಗ ನೆನಪಾಗಲಿಲ್ಲ.

ವಾರದೊಳಗೆ ಜ್ವರ ಮರಳಿತು. ಒಂದು ಬೆಳಿಗ್ಗೆ ದಿಂಬಿನ ಮೇಲೆ ಹಳದಿ ಕಲೆ. ಕಿವಿ ಸೋರುತ್ತಿತ್ತು.

"ತಮಟಿಗೆ ತೂತು ಬಿದ್ದೈತಿ," ಎಂದರು ಡಾಕ್ಟರು. "ಏಳೂ ದಿನ ಕೊಟ್ರೇನು?"

"ಕೊಟ್ವಿ ಸರ್."

"ಇಲ್ಲ, ಅವ್ವ ಕೊಡಲಿಲ್ಲ, ಬಾಟ್ಲ್ಯಾಗ ಇನ್ನೂ ಅರ್ಧ ಐತಿ," ಎಂದಳು ಮಗಳು, ಡಾಕ್ಟರು ಅವಳನ್ನು ಕೇಳದಿದ್ದರೂ.

ಅವರು ಬೈಯಲಿಲ್ಲ. ನನ್ನ ಮುಖವನ್ನೂ ನೋಡದೆ ಹೊಸ ಚೀಟಿ ಬರೆದರು. ಬೈದಿದ್ದರೆ ಹಗುರಾಗುತ್ತಿತ್ತು. ದಿನಾ ಅರಳೆಯ ಬತ್ತಿಯಿಂದ ಕೀವು ಒರೆಸಿ ಹನಿ ಹಾಕಬೇಕು, ಕಿವಿಗೆ ನೀರು ತಾಕಿಸಬಾರದು ಎಂದರು.

ಮನೆಗೆ ಬಂದು ನಡೆದದ್ದನ್ನು ಹೇಳಿದೆ. ಅತ್ತೆ ನನ್ನ ಕೈಯಿಂದ ಔಷಧಿಯ ಚೀಲ ಕಸಿದುಕೊಂಡರು. "ನೀ ಊರಾಗ ಹೇಳ್ಕೊಂತ ತಿರುಗು. ಇದನ್ನ ನಾ ನೋಡ್ತೀನಿ."

ಅಂದಿನಿಂದ ಅತ್ತೆ ಹನಿಯನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ಮಗಳ ಎಡಕ್ಕೆ ಕೂತು ಕರೆದಾಗ ಅವಳು ತಿರುಗದಿದ್ದರೆ ಬಲಕ್ಕೆ ಬಂದು ಮತ್ತೆ ಕರೆಯುತ್ತಿದ್ದೆ. ತೂತು ಮುಚ್ಚಲು ಎರಡು ತಿಂಗಳು ಹಿಡಿಯಿತು. ಕೊನೆಯ ಸಲ ಪರೀಕ್ಷೆ ಮಾಡಿದ ಡಾಕ್ಟರು, "ಕಿವಿ ಚಲೋ ಕೇಳ್ತೈತಿ. ಈ ಸಲ ಭಾಳ ಚಂದ ನೋಡ್ಕೊಂಡೀರಿ," ಎಂದು ಹೊಗಳಿದರು.

ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನಾನು, "ಹೌದ್ರಿ ಸರ್," ಎಂದೆ.