ಅತ್ತಿಗೆಯ ಚುಟುಕಪ್ಪ

ನನ್ನ ಅತ್ತಿಗೆಗೆ, ತಾನು ಕೇಳಿದ ಪ್ರಶ್ನೆಗೆ ಉತ್ತರ ಬಾರದಿದ್ದರೆ ಮೈಯೆಲ್ಲ ಉರಿಯುತ್ತದೆ. ಕಟ್ಟಿಕೊಂಡದ್ದು ಮಾತ್ರ ನಮ್ಮಣ್ಣನನ್ನು! ಅವನ ಬಾಯಿಂದ ಒಂದು ಮಾತು ಹೊರಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಮನೆಯ ಕೆಳಗೇ ಅವನ ಹೊಲಿಗೆ ಯಂತ್ರದ ರಿಪೇರಿ ಅಂಗಡಿ. ಗಿರಾಕಿಗಳ ಜೊತೆ ಅವನ ಪಾಲಿನ ಮಾತನ್ನೂ ಆಡುವ ಕೆಲಸ ತಂಗಿಯಾದ ನನ್ನದು. ಅತ್ತಿಗೆ ಮಹಡಿಯಲ್ಲಿ ಕುಳಿತು ಕಂಪನಿಯೊಂದಕ್ಕೆ ಪ್ರೋಗ್ರಾಮ್ ಬರೆಯುತ್ತಾಳೆ.

ಈಚೆಗೆ ಅವಳಿಗೆ ಬೇರೆ ಊರಿನಿಂದ ಒಳ್ಳೆಯ ಕೆಲಸಕ್ಕೆ ಕರೆ ಬಂತು. "ಒಪ್ಪಿಕೊಳ್ಳಲಾ, ಏನಂತೀರಿ?" ಎಂದು ಕೇಳಿದಳು. ಅಣ್ಣ ಸ್ಕ್ರೂ ಒರೆಸುತ್ತಾ ಕುಳಿತಿದ್ದ, ತುಟಿ ಬಿಚ್ಚಲಿಲ್ಲ.

"ನಾನು ಇದ್ರೆಷ್ಟು, ಹೋದ್ರೆಷ್ಟು ನಿಮ್ಮಣ್ಣನಿಗೆ!" ಎಂದು ನನ್ನ ಹತ್ತಿರ ಅತ್ತಳು. ಆಸೆಪಟ್ಟ ಕೆಲಸ ಅದು. ಆದರೂ ಬೇಡವೆಂದು ಬರೆಯುವುದೆಂದೇ ನಿಶ್ಚಯಿಸಿದಳು. ನನಗೆ ಅಣ್ಣನ ಮೇಲೆ ಕೆಟ್ಟ ಕೋಪ ಬಂತು.

ಇದರ ನಡುವೆಯೇ ಅವಳು ಕಟ್ಟಿದ್ದ ಬಾಟ್ ಪ್ರೋಗ್ರಾಮ್ ಒಂದು ಎಡವಿತು. ರಿಪೇರಿಯವರದೊಂದು ಆನ್‌ಲೈನ್ ಗುಂಪಿದೆ. ಅದರ ಸಂದೇಶಗಳನ್ನೆಲ್ಲ ಓದುತ್ತಾ ಅಣ್ಣ ತಟ್ಟೆಯ ಊಟ ತಣ್ಣಗಾಗಲು ಬಿಡುತ್ತಿದ್ದ. ಅದಕ್ಕೇ ಅತ್ತಿಗೆ, ಎಐ ಕೈಲಿ ಚರ್ಚೆಯನ್ನೆಲ್ಲ ಓದಿಸಿ, ಪ್ರಶ್ನೆ ಇದು, ಗುಂಪಿನ ಉತ್ತರ ಇದು ಎಂದು ನಾಲ್ಕು ಸಾಲಿನಲ್ಲಿ ಹೇಳುವ ಬಾಟ್ ಕಟ್ಟಿದ್ದಳು. ಗುಂಪಿನವರು ಅದಕ್ಕೆ ಚುಟುಕಪ್ಪ ಎಂದು ಹೆಸರಿಟ್ಟಿದ್ದರು.

ದರ್ಜಿ ಹೆಂಗಸೊಬ್ಬಳು, ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತಿದೆ ಎಂದು ಕೇಳಿದ್ದಳು. ಸೂಜಿಯ ಕೆಳಗೆ ದಾರ ಹಿಡಿಯುವ ಶಟಲ್‌ನ ಮೊನೆಯನ್ನು ಅರದಿಂದ ಉಜ್ಜಿ ಎಂದು ಒಬ್ಬ ಬರೆದಿದ್ದ. ಗುಂಪಿನ ಉತ್ತರ ಅದೇ ಎಂದ ಚುಟುಕಪ್ಪ. ಪಾಪ, ಅವಳು ನಂಬಿ ಉಜ್ಜಿದಳು. ಶಟಲ್ ಕೆಟ್ಟು ಕೂತಿತು. ಎಲ್ಲರೂ ಅತ್ತಿಗೆಯ ಮೇಲೆ ಹರಿಹಾಯ್ದರು.

ಅವಳು ಲ್ಯಾಪ್‌ಟಾಪ್ ಹಿಡಿದು ದಡದಡ ಅಂಗಡಿಗಿಳಿದಳು. "ನೋಡ್ರೀ, ಆ ಅರದ ಸಲಹೆನ ಎಷ್ಟು ಜನ ಮೆಚ್ಚಿದ್ದಾರೆ! 'ಆಹಾ, ಎಂಥಾ ತಲೆ!' 'ಗುರುವೇ, ನಿನಗೆ ಸಾಟಿ ಯಾರು!' ನೀವು ಸೂಜಿ ಹಿಂದುಮುಂದಾಗಿದೆ, ತಿರುಗಿಸಿ ಹಾಕಿ ಅಂತ ಬರೆದಿದ್ದೀರಿ. ಅದರ ಕೆಳಗೆ ಒಬ್ಬರೂ ಒಂದಕ್ಷರ ಬರೆದಿಲ್ಲ."

ಅಣ್ಣ ಕೊನೆಗೂ ಬಾಯಿ ತೆರೆದ. "ಅದು ಮೆಚ್ಚುಗೆ ಅಲ್ಲ ಕಣೆ, ಗೇಲಿ. ಸರಿಯಾದ ಉತ್ತರ ಬಂದ್ಮೇಲೆ ನಮ್ಮಲ್ಲಿ ಯಾರೂ ಬರೆಯಲ್ಲ. ಒಪ್ಪಿದ್ಮೇಲೆ ಇನ್ನೇನಿರುತ್ತೆ ಹೇಳೋಕೆ?"

ನಾನು ಕಿಸಕ್ಕೆಂದು ನಕ್ಕೆ. ಅತ್ತಿಗೆ ನಗಲಿಲ್ಲ. ಲ್ಯಾಪ್‌ಟಾಪ್ ಮೆಲ್ಲಗೆ ಮುಚ್ಚಿದಳು.

"ಆ ಕೆಲಸ ಒಪ್ಪಿಕೊಳ್ಳಲಾ ಅಂದಾಗ್ಲೂ ನೀವು ಸುಮ್ನಿದ್ರಿ."

"ಹೂಂ. ಒಪ್ಪಿಕೊಂಡಿರ್ತೀಯ ಅಂದ್ಕೊಂಡೆ. ಆ ಊರಲ್ಲಿ ಅಂಗಡಿಗೆ ಜಾಗಾನೂ ಮಾತಾಡಿದ್ದೀನಿ. ಮೇಲೆ ಮೂರು ಕೋಣೆ ಇದೆ." ನನ್ನತ್ತ ಗದ್ದ ತೋರಿದ. "ಕಿಟಕಿ ಇರೋದು ಇವಳಿಗೆ."

ಅತ್ತಿಗೆಯ ಕಣ್ಣು ತುಂಬಿ ಬಂತು, ಧ್ವನಿ ಮಾತ್ರ ಏರಿತು. "ಬಾಯಿಬಿಟ್ಟು ಹೇಳಿದ್ರೆ ಮುತ್ತು ಉದುರ್ತಿತ್ತಾ? ಮೊದಲು ಆ ಹೆಂಗಸಿಗೆ ಹೊಸ ಶಟಲ್ ಕಳಿಸಿ. ಚುಟುಕಪ್ಪನಿಗೆ ನಿಮ್ಮವರ ರೀತಿ ನಾನು ಕಲಿಸ್ತೀನಿ. ನೀವು ಮಾತ್ರ ಇನ್ಮೇಲೆ ನನ್ ಹತ್ರ ಬಾಯಿಬಿಟ್ಟು ಮಾತಾಡ್ಬೇಕು, ತಿಳೀತಾ?"

ಅಣ್ಣ ಏನೂ ಹೇಳಲಿಲ್ಲ.

ಅತ್ತಿಗೆ ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು, ಕೆಲಸಕ್ಕೆ ಒಪ್ಪಿಗೆ ಬರೆಯಲು ಮಹಡಿ ಹತ್ತಿದಳು.