ಅತ್ತೆಯ ಮೂಗಿಗೆ ನಾನು ಹಾಕಿದ ಔಷಧಿ

ಮರಾಠಿ ಸೀಮೆಯ ತಳೇಗಾಂವದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ದಿನವಿಡೀ ದ್ರಾವಣ ಅಳೆಯುವ ಕೆಲಸ ನನ್ನದು. ಹೀಗಾಗಿ ಮನೆಯಲ್ಲಿ ಯಾರಿಗೆ ನೆಗಡಿಯಾದರೂ ನಾನೇ ಡಾಕ್ಟರು. ಅತ್ತೆಯವರ ಓಂಕಾಳಿನ ಕಷಾಯ ಕಂಡರೆ ನನಗೆ ಮೈಯೆಲ್ಲ ಉರಿ.

ಕಳೆದ ಗಣಪತಿ ಹಬ್ಬಕ್ಕೆ ಹತ್ತು ದಿನವಿದ್ದಾಗ ಅವರ ಮೂಗು ಕಟ್ಟಿತು. ಔಷಧಿ ಬೆರೆಸಿದ ನೀರಿನಿಂದ ಮೂಗು ತೊಳೆದರೆ ನೆಗಡಿ ಬೇಗ ಹೋಗುತ್ತದೆಂದು ಫೋನಿನಲ್ಲಿ ನೋಡಿದ್ದೆ. ಎಷ್ಟು ಬೆರೆಸಬೇಕು ಎಂಬಲ್ಲಿಯ ತನಕ ನೋಡುವ ತಾಳ್ಮೆ ಇರಲಿಲ್ಲ. ಗಾಯಕ್ಕೆ ಹಚ್ಚುವ ಕಂದು ಅಯೋಡಿನ್ನನ್ನು ಉಪ್ಪುನೀರಿನ ಬಾಟಲಿಗೆ ಅಂದಾಜಿನ ಮೇಲೆ ಸುರಿದೆ. ಕಾರ್ಖಾನೆಯಲ್ಲಿ ಯಾರಾದರೂ ಹಾಗೆ ಸುರಿದರೆ ನಾನು ಸುಮ್ಮನಿರುವವಳಲ್ಲ.

“ಭಾಳ ಉರೀತದವಾ,” ಎಂದರು ಅತ್ತೆ, ಬೇಸಿನ್ ಹಿಡಿದುಕೊಂಡು.

“ಉರದ್ರ ಔಷಧಿ ಕೆಲಸಾ ಮಾಡ್ಲಿಕ್ಕತ್ತದ ಅಂತ ತಿಳೀರಿ. ಆ ಕಡೆ ಮೂಗಿಗೂ ಹಾಕ್ಕೋರಿ.”

ಮೂರು ದಿನ ಬಿಡದೆ ಹಾಕಿಸಿದೆ. ನೆಗಡಿ ಹೋಯಿತು, ಅದರ ಜೊತೆ ಅತ್ತೆಗೆ ವಾಸನೆ ತಿಳಿಯುವುದೂ ಹೋಯಿತು.

ನಮ್ಮಲ್ಲಿ ನೈವೇದ್ಯಕ್ಕೆ ಮುಂಚೆ ಅಡುಗೆಯ ರುಚಿ ನೋಡುವಂತಿಲ್ಲ, ಬೇಕೆಂದು ಮೂಸುವಂತೆಯೂ ಇಲ್ಲ. ತಾವು ಧಾರವಾಡದಿಂದ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಅತ್ತೆ ಒಲೆಯ ಮುಂದೆ ಸುಮ್ಮನೆ ನಿಂತು, ತಾನಾಗಿ ಬರುವ ಹಬೆಯಲ್ಲೇ ಸಾರಿನ ಉಪ್ಪು, ಹುಳಿ ಹೇಳುತ್ತಿದ್ದರು. ನಾವಿರುವ ನಿಗಡಿ ಎಂಬ ಊರಿನ ನಮ್ಮ ಬಳಗದಲ್ಲಿ ಅವರ ಹೆಸರಿದ್ದದ್ದೇ ಅದಕ್ಕೆ.

ಮೂಗಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಮೂಗಿಗೆ ಏನಾದರೂ ಹಾಕಿದ್ದಿರಾ ಎಂದು ಅವರು ಮರಾಠಿಯಲ್ಲಿ ಕೇಳಿದರು. ಬರೀ ಉಪ್ಪುನೀರು, ಎಂದು ನಾನೂ ಮರಾಠಿಯಲ್ಲೇ ಹೇಳಿಬಿಟ್ಟೆ. ಅತ್ತೆಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ. ಅವರು ಒಮ್ಮೆ ನನ್ನ ಕಡೆ ನೋಡಿ ಸೆರಗು ಸರಿಮಾಡಿಕೊಂಡರು. ಹಾಗಾದರೆ ನೆಗಡಿಯಿಂದಲೇ ಇರಬೇಕು, ಸ್ವಲ್ಪ ದಿನ ಕಾಯಿರಿ, ಎಂದರು ಡಾಕ್ಟರು. ನನಗೆ ಜೀವ ಬಂದಂತಾಯಿತು. ಹಾಗಾಯಿತಲ್ಲ ಎಂದು ಈಗ ಹೇಸಿಗೆಯಾಗುತ್ತದೆ.

ಹಬ್ಬದ ದಿನ ಅತ್ತೆ ನನ್ನನ್ನು ಒಲೆಯ ಹತ್ತಿರ ಕರೆದರು. “ಸಾರಿಗೆ ಉಪ್ಪು ಹಾಕೀನೋ ಇಲ್ಲೋ, ನೆನಪಿಲ್ಲ. ನನಗಂತೂ ತಿಳಿಯವಲ್ತು. ನೀನ ಹೇಳು.”

ಹಬೆಯಲ್ಲಿ ಉಪ್ಪು ನನಗೆಲ್ಲಿ ತಿಳಿಯಬೇಕು? “ಸರಿ ಅದರೀ,” ಎಂದೆ.

ಊಟಕ್ಕೆ ಕೂತ ನಂಟರು ಮೊದಲ ತುತ್ತಿಗೇ ಎಲೆಯ ತುದಿಯ ಉಪ್ಪಿಗೆ ಕೈ ಹಾಕಿದರು. ಅತ್ತೆಯ ಮುಖ ಸಣ್ಣದಾಯಿತು. “ವಯಸ್ಸಾತ್ರಿ, ಉಪ್ಪು ಹಾಕೂದು ಮರ್ತೆ. ಸೊಸಿ ಪಾಪ ಎಲ್ಲಾ ನೋಡ್ಕೋತಾಳ, ತಪ್ಪು ನಂದ,” ಎಂದರು ಎಲ್ಲರೆದುರು.

ತುಪ್ಪದ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದೆ. ಮುಂದಿನ ಎಲೆಗೆ ತುಪ್ಪ ಬಡಿಸಿದೆ.