ನಿಲ್ಲಿಸು ಎಂದ ಕೈಗಳು

ಹಿಟ್ಟಿನ ಗಿರಣಿಯವಳ ಕತೆ ಹೇಳುವ ಮೊದಲು ಅವಳು ಸೊಸೆಯಾಗಿ ಕಾಲಿಟ್ಟ ಮನೆಯ ಹಿರಿಯರನ್ನು ಹೇಳಬೇಕು. ಬೇರು ಬಿಟ್ಟು ಗಿಡ ತೋರಿಸುವುದು ನನ್ನ ಪದ್ಧತಿಯಲ್ಲ.

ಮೊದಲನೆಯವನು ಕಲ್ಲಜ್ಜ. ಬೀಸುವ ಕಲ್ಲುಗಳೆರಡನ್ನು ಹೊಳೆಯಾಚೆಯಿಂದ ಗಾಡಿಯಲ್ಲಿ ತರುವಾಗ ನಡುದಾರಿಯಲ್ಲಿ ಅಚ್ಚು ಮುರಿಯಿತು. ಅವನು ಗಾಡಿಯನ್ನು ಅಲ್ಲೇ ಬಿಟ್ಟು ಕಲ್ಲುಗಳನ್ನು ಉರುಳಿಸಿಕೊಂಡೇ ಊರು ಸೇರಿದ. ಅವನ ಮಗ ಮಾತಿನಜ್ಜ. ಐದು ವರ್ಷವಾಗುವ ತನಕ ತುಟಿ ಪಿಟಕ್ಕೆನ್ನದವನು, ಒಮ್ಮೆ ಬಾಯಿ ತೆರೆದ ಮೇಲೆ ಸಾಯುವವರೆಗೂ ಮುಚ್ಚಲಿಲ್ಲವಂತೆ. ಹಿಟ್ಟು ಚೀಲಕ್ಕೆ ಬೀಳುವಷ್ಟರಲ್ಲಿ ಹೊರಗಿನ ಕಟ್ಟೆಯ ಮೇಲೆ ಎರಡು ಮನೆಗಳ ಜಗಳ ಬಗೆಹರಿಸಿ ಕಳಿಸುತ್ತಿದ್ದ ಎಂದು ಅವನಿಗೆ ಹೆಸರು. ಮಾತಿನಜ್ಜನ ಸೊಸೆ ಬೆಲ್ಟಜ್ಜಿ. ಮೋಟಾರಿನ ಬೆಲ್ಟು ಅವಳ ಎಡಗೈಯ ಎರಡು ಬೆರಳು ತಿಂದಾಗ, ಕೈಗೆ ಹಿಟ್ಟಿನ ಚೀಲದ ಬಟ್ಟೆ ಸುತ್ತಿ, ಸರದಿಯಲ್ಲಿದ್ದವರ ಕಾಳು ಮುಗಿಸಿಕೊಟ್ಟು, ಆಮೇಲೆ ಆಸ್ಪತ್ರೆಗೆ ನಡೆದವಳು. ಈಗಲೂ ಇದ್ದಾಳೆ. ನಮ್ಮ ಗಿರಣಿಯವಳ ಅತ್ತೆ ಅವಳೇ.

ಗಿರಣಿ ಓಡುವಾಗ ಆ ಮನೆಯಲ್ಲಿ ಬಾಯಿಗೆ ಕೆಲಸವಿಲ್ಲ. ಕಲ್ಲಿನ ಗುಡುಗು, ಬೆಲ್ಟಿನ ಪಟಪಟ, ಜರಡಿಯ ಕುಲುಕಾಟ. ಪಕ್ಕದಲ್ಲಿ ನಿಂತವನು ಕೂಗಿದರೂ ಮೀನು ಬಾಯಿ ಬಿಟ್ಟ ಹಾಗೆ ಕಾಣುತ್ತದೆ. ಅದಕ್ಕೇ ಅವರಿಗೆ ಕೈಮಾತು. ಮುಷ್ಟಿ ತಿರುವಿದರೆ ತರಿ. ಹೆಬ್ಬೆರಳಿಗೆ ತೋರುಬೆರಳು ಉಜ್ಜಿದರೆ ನುಣ್ಣಗೆ. ನೆತ್ತಿಯ ಮೇಲೆ ಅಂಗೈ ಇಟ್ಟರೆ ಡಬ್ಬ ತುಂಬಿತು. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ಹಾಕಿದರೆ, ನಿಲ್ಲಿಸು. ಈ ಕಡೆಯ ಸನ್ನೆಗೆ ಬೆಲ್ಟಜ್ಜಿ ಬೆರಳು ಹೋದ ಮೇಲೆ ಒಂದು ಕಟ್ಟಳೆ ಮಾಡಿದ್ದಳು. ಗಿರಾಕಿಯೇ ಹಾಕಲಿ, ದಾರಿಹೋಕನೇ ಹಾಕಲಿ, ಮೊದಲು ಮೋಟಾರು ನಿಲ್ಲಬೇಕು, ಯಾಕೆಂದು ಆಮೇಲೆ ಕೇಳಬೇಕು. ಅವಳ ಕೈ ಸಿಕ್ಕಿಕೊಂಡ ದಿನ ಮಾತಿನಜ್ಜ "ಏನು, ಏನಾಯ್ತು" ಎಂದು ಕೇಳುತ್ತ, ಮೋಟಾರು ನಿಲ್ಲಿಸದೆ ನಿಂತಿದ್ದನಂತೆ.

ನಮ್ಮವಳು ಹುಟ್ಟಿದ್ದು ದರ್ಜಿಯ ಮನೆಯಲ್ಲಿ. ಅಲ್ಲಿ ಹೊಲಿಗೆ ಮೆಷಿನ್ನಿನ ಸದ್ದೇ ದೊಡ್ಡ ಸದ್ದು. ಆದರೂ ಬಂದ ವರ್ಷದೊಳಗೆ ಅವಳು ಹಿಟ್ಟನ್ನು ಬೆರಳಲ್ಲಿ ಮುಟ್ಟಿ ಕಲ್ಲು ಎಷ್ಟು ಬಿಸಿಯಾಗಿದೆಯೆಂದು ಹೇಳುವಂತಾದಳು. ಗಂಡ ದೂರದೂರಿಗೆ ಲಾರಿ ಓಡಿಸುವವನು; ಮನೆಗಿಂತ ರಸ್ತೆಯ ಮೇಲೇ ಹೆಚ್ಚು. ಹಾಗಾಗಿ ಗಿರಣಿ ಅತ್ತೆ ಸೊಸೆಯರ ಕೈಯಲ್ಲಿ ಓಡುತ್ತಿತ್ತು. ಮಗಳು ಹುಟ್ಟಿದಳು. ಹಿಟ್ಟಿನ ಚೀಲಗಳ ನಡುವೆ ರೆಪ್ಪೆ ಹುಬ್ಬೆಲ್ಲ ಬೆಳ್ಳಗಾಗಿ ಕೂರುತ್ತಿದ್ದ ಅವಳಿಗೆ ಗಿರಾಕಿಗಳೇ ಗೊಂಬೆ ಎಂದು ಕರೆದರು, ಅದೇ ಅಂಟಿಕೊಂಡಿತು.

ಗೊಂಬೆ ನಡೆಯುವುದಕ್ಕೆ ಮೊದಲೇ ಕೈಮಾತು ಕಲಿತಳು. ಹಾಲು ನುಣ್ಣಗಲ್ಲವೆ, ಅದು ಬೇಕಾದರೆ ಬೆರಳು ಉಜ್ಜುವಳು, ಹೊಟ್ಟೆ ತುಂಬಿದರೆ ನೆತ್ತಿಯ ಮೇಲೆ ಅಂಗೈ. ಬೆಲ್ಟಜ್ಜಿಯ ಹೆಮ್ಮೆ ಹೇಳತೀರದು.

"ನೋಡ್ರಪ್ಪಾ, ನನ್ನ ಮೊಮ್ಮಗಳಿಗೆ ಹೊಟ್ಟೆ ಅಂದ್ರೆ ಡಬ್ಬ," ಎಂದು ಬಂದವರಿಗೆಲ್ಲ ತೋರಿಸುವಳು. "ಕಲ್ಲಜ್ಜನ ರಕ್ತ. ನೀರಲ್ಲ."

ಎರಡು ತುಂಬಿತು, ಎರಡೂವರೆಯಾಯಿತು. ಗೊಂಬೆಯ ಬಾಯಿಂದ ಒಂದು ಮಾತು ಹೊರಡಲಿಲ್ಲ. ಬೇಕರಿಯವನು ದಿನಾ ಬೆಳಿಗ್ಗೆ ಗೋಧಿ ಹಾಕಿಸಲು ಬರುವ ಹಳೆಯ ಗಿರಾಕಿ. ಒಂದು ದಿನ ಅವನೇ ಮೆಲ್ಲಗೆ ತೆಗೆದ.

"ನನ್ನ ಮೊಮ್ಮಗ ಇವಳ ವಾರಿಗೆಯವನೇ. ಬಾಯಿಗೆ ಬೀಗ ಹಾಕಿದ್ರೆ ಮೂಗಲ್ಲಿ ಮಾತಾಡ್ತಾನೆ. ನಿಮ್ಮ ಗೊಂಬೆ ಏನು, ಅಮ್ಮ ಅಂತಾನೂ ಅನ್ನಲ್ವಾ?"

"ನಮ್ಮ ವಂಶದಲ್ಲಿ ಮಾತು ತಡ ಕಣಯ್ಯಾ," ಎಂದಳು ಬೆಲ್ಟಜ್ಜಿ. "ನಮ್ಮ ಮಾವ ಐದು ವರ್ಷಕ್ಕೆ ಬಾಯಿ ಬಿಟ್ಟ. ಆಮೇಲೆ ಮುಚ್ಚಿಸೋಕೆ ಊರೇ ಸೇರಬೇಕಾಯ್ತು. ನಿನ್ನ ಮೊಮ್ಮಗನ ಹಾಗೆ ಹಸಿ ಹಿಟ್ಟು ಸುರಿಯೋರಲ್ಲ ನಾವು."

ಬೇಕರಿಯವನು ನಕ್ಕು ಹೋದ. ಸೊಸೆಗೆ ನಗು ಬರಲಿಲ್ಲ. ಅವತ್ತೇ ಮಧ್ಯಾಹ್ನ ಕರೆಂಟು ಹೋಯಿತು. ಕಲ್ಲು ನಿಂತು ಮನೆ ಗವ್ವೆಂದಿತು. ಅವಳು ಮಗುವನ್ನು ಎದುರಿಗೆ ಕೂರಿಸಿಕೊಂಡು, "ಅಮ್ಮ ಅನ್ನು, ಚಿನ್ನ. ಅಮ್ಮ," ಎಂದಳು. ಬೇಡಿಕೊಂಡಳು, ಗದರಿದಳು, ಮತ್ತೆ ಬೇಡಿಕೊಂಡಳು. ಗೊಂಬೆ ತಾಯಿಯ ತುಟಿಯನ್ನೇ ನೋಡುತ್ತಿತ್ತು. ಕೊನೆಗೆ ಕೈಚಾಚಿ ಆ ತುಟಿ ಮುಟ್ಟಿ, ಬೆರಳಿಗೆ ಬೆರಳು ಉಜ್ಜಿ ತೋರಿಸಿತು. ನುಣ್ಣಗಿದೆ ಎಂದು. ಅವಳು ಎದ್ದು ಹಿಂದಿನ ಕೋಣೆಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟಳು. ನಾವು ಈ ಕೂಸಿಗೆ ಮಾತು ಕೊಡಲೇ ಇಲ್ಲ, ಕೈ ಮಾತ್ರ ಕೊಟ್ಟೆವು ಎಂಬುದು ಆಗ ಅವಳ ಎದೆಗೆ ನಾಟಿತು.

ಆಸ್ಪತ್ರೆ ಇರುವುದು ಪೇಟೆಯಲ್ಲಿ. ಬಸ್ಸಿನಲ್ಲಿ ಹೋಗಿ ಬರುವುದರೊಳಗೆ ದಿನ ಮುಗಿಯುತ್ತದೆ. ಮೊದಲ ಡಾಕ್ಟರು ಮಗುವಿನ ಗಂಟಲಿಗೆ ಬ್ಯಾಟರಿ ಹಾಕಿ ನೋಡಿ, ಮೂರು ವರ್ಷವಾಗಲಿ ನೋಡೋಣ ಎಂದರು. ಅವಳು ಕದಲಲಿಲ್ಲ. ಹೊರಗಿನ ಬೆಂಚಿನಲ್ಲಿ ಕೂತು ಸಂಜೆ ಡಾಕ್ಟರು ಹೊರಟಾಗ ಮತ್ತೆ ಅಡ್ಡ ನಿಂತಳು. "ಏನಮ್ಮಾ, ಅಂಟು ಹಿಟ್ಟಿನ ಹಾಗೆ ಅಂಟಿಕೊಂಡೆಯಲ್ಲ," ಎಂದು ಬೇಸರದಿಂದಲೇ ಕಿವಿ ಪರೀಕ್ಷೆಗೆ ಬರೆದುಕೊಟ್ಟರು.

ಕಿವಿ ಪರೀಕ್ಷೆಯ ಕೋಣೆಗೆ ಗೋಡೆಯ ತುಂಬ ಮೆತ್ತೆ. ಮೂಲೆಯ ಪೆಟ್ಟಿಗೆಯಿಂದ ಸಣ್ಣ ಸದ್ದು ಬಂದಾಗಲೆಲ್ಲ ಗೊಂಬೆ ಅತ್ತ ತಿರುಗಿತು. ಕಿವಿ ಚೆನ್ನಾಗಿದೆ ಎಂದರು. ಬೇರೆ ತಾಯಂದಿರು ಅದಕ್ಕೆ ಸಂತೋಷಪಡುತ್ತಾರೆ. ಇವಳು ಅತ್ತಳು. ಕಿವಿ ಕೆಟ್ಟಿದ್ದರೆ ಹಾಕಲು ಒಂದು ಮೆಷಿನ್ನಾದರೂ ಸಿಗುತ್ತಿತ್ತು. ಈಗ ಏನು ಕೆಟ್ಟಿದೆಯೆಂದೇ ತಿಳಿಯದೆ ಏನನ್ನು ಸರಿಮಾಡುವುದು?

ಅಲ್ಲಿಂದ ಮಾತು ಕಲಿಸುವ ಟೀಚರ್ ಬಳಿಗೆ ಕಳಿಸಿದರು. ಕುಳ್ಳಗಿನ ಹೆಂಗಸು. ನೆಲದ ಮೇಲೆ ಚಾಪೆ ಹಾಸಿಕೊಂಡು ಮಗುವಿನ ಮುಖಕ್ಕೆ ಮುಖ ಕೊಟ್ಟು ಕೂತು, ಬಹಳ ಹೊತ್ತು ಆಡಿಸಿದಳು.

"ಹೇಳಿದ್ದೆಲ್ಲ ತಿಳಿಯುತ್ತೆ ಇವಳಿಗೆ. ಹೇಳೋದಕ್ಕೆ ಆಸೆಯೂ ಇದೆ. ಕೈಯಲ್ಲಿ ಎಷ್ಟೊಂದು ಹೇಳ್ತಾಳೆ," ಎಂದಳು.

"ಆ ಕೈ ಬಿಡಿಸಿಬಿಡ್ಲಾ ಟೀಚರ್? ಅದೇ ಅಡ್ಡ ಬರ್ತಿದೆಯೇನೋ."

"ಬೇಡಮ್ಮಾ. ಈಗ ಇವಳ ಹತ್ರ ಇರೋದೇ ಅದು. ಅವಳು ಕೈ ಮಾಡಿದಾಗೆಲ್ಲ ನೀವು ಆ ಮಾತನ್ನ ಬಾಯಲ್ಲಿ ಹೇಳಿ, ಸುಮ್ಮನೆ ಕಾಯಿರಿ. ಮುಖ ಕಾಣೋ ಹಾಗೆ ಕೂತ್ಕೊಂಡು, ಸದ್ದಿಲ್ಲದ ಕಡೆ. ಗಿರಣಿ ಸದ್ದಲ್ಲಿ ಇವಳನ್ನ ಇಟ್ಕೋಬೇಡಿ, ಇರೋ ಕಿವಿಯೂ ಹೋಗುತ್ತೆ. ವಾರ ವಾರ ಕರ್ಕೊಂಡು ಬನ್ನಿ."

"ಯಾವಾಗ ಮಾತಾಡ್ತಾಳೆ?"

ಟೀಚರ್ ಸುಳ್ಳು ಹೇಳುವವಳಲ್ಲ. "ಹೇಳೋಕಾಗಲ್ಲ," ಎಂದಳು.

ಸದ್ದಿಲ್ಲದ ಕಡೆ ಎಂದರೆ ಎಲ್ಲಿ? ಗಿರಣಿಗೂ ಹಿಂದಿನ ಕೋಣೆಗೂ ನಡುವೆ ಇರುವುದು ಒಂದು ಗೋಡೆ. ಬಾಗಿಲಿಗೆ ದಪ್ಪ ರಜಾಯಿ ನೇತುಹಾಕಿದಳು. ಕಲ್ಲು ತಿರುಗಿದರೆ ಒಳಗಿನ ಲೋಟಗಳು ಇನ್ನೂ ನಡುಗುತ್ತಿದ್ದವು. ಆಸ್ಪತ್ರೆಯ ದಿನ ಗಿರಣಿಗೆ ಬೀಗ ಬೀಳುತ್ತಿತ್ತು, ಬೆಲ್ಟಜ್ಜಿ ಒಬ್ಬಳಿಂದ ಚೀಲ ಎತ್ತಲಾಗದು. ಮುಖ್ಯ ರಸ್ತೆಯಲ್ಲಿ ಹೊಸ ಗಿರಣಿ ಬಂದಿತ್ತು. ಬೀಗ ನೋಡಿದವರು ಅತ್ತ ತಿರುಗಿದರು. ಫೋನಿನಲ್ಲಿ ಗಂಡನನ್ನು ಕೇಳಿದರೆ, "ನೀನು ಏನು ಮಾಡಿದ್ರೂ ಸರಿ," ಎಂದ. ಯೋಚಿಸಲು ಮನಸ್ಸಿಲ್ಲದಾಗ ಅವನು ಹೇಳುವ ಮಾತು ಅದು.

ಇಂಥ ಹೊತ್ತಿನಲ್ಲಿ ಅವಳ ಸ್ವಂತ ಅಕ್ಕ ಬಂದಳು. ಪೇಟೆಯಲ್ಲಿ ಮಹಡಿಯ ಮೇಲೆ ಮನೆ, ಆಸ್ಪತ್ರೆಯ ಹಿಂದಿನ ಬೀದಿ. ಅಪ್ಪನ ಮೆಷಿನ್ನು ಮಾರಿದ್ದಾಗಿತ್ತು, ಕಸುಬು ಮಾತ್ರ ಕೈಹೊಲಿಗೆ, ಹೆಣಿಗೆಯಾಗಿ ಅವಳ ಬಳಿ ಉಳಿದಿತ್ತು. ಮಕ್ಕಳಿಲ್ಲ.

"ಒಂದು ವರ್ಷ ನನ್ನ ಹತ್ರ ಬಿಡೇ. ಗಡಿಯಾರದ ಸದ್ದು ಬಿಟ್ರೆ ನಮ್ಮನೇಲಿ ಇನ್ನೇನಿದೆ? ದಿನಾ ಟೀಚರ್ ಹತ್ರ ಬೇಕಾದ್ರೂ ಕರ್ಕೊಂಡು ಹೋಗ್ತೀನಿ. ಹರಟೆಮಲ್ಲಿ ಮಾಡಿ ಕಳಿಸ್ತೀನಿ."

ಕೇಳಿದವರೆಲ್ಲ ಸರಿ ಎಂದರು. ಯಾವುದಕ್ಕೂ ಬಗ್ಗದ ಬೆಲ್ಟಜ್ಜಿ ಕೂಡ ಖಾಲಿ ಡಬ್ಬಗಳನ್ನು ನೋಡಿ ಆಗಲಿ ಎಂದಳು. ಗಿರಣಿಯವಳು ಕರುಳಿಗೆ ಕಲ್ಲು ಕಟ್ಟಿಕೊಂಡು ಮಗುವನ್ನು ಅಕ್ಕನ ಮನೆಯಲ್ಲಿ ಬಿಟ್ಟು ಬಂದಳು. ಬಸ್ಸಿನಲ್ಲಿ ಪಕ್ಕದವಳು ಮಗು ಎಲ್ಲಿ ಎಂದು ಕೇಳಿದ್ದಕ್ಕೆ, "ಓದೋಕೆ ಬಿಟ್ಟಿದ್ದೀನಿ," ಎಂದಳಂತೆ.

ಎರಡು ವಾರ ಬರಬೇಡ, ಬಂದರೆ ಹೊಂದಿಕೊಳ್ಳುವುದಿಲ್ಲ ಎಂದು ಅಕ್ಕ ಹೇಳಿದ್ದಳು. ಹಾಗೆಯೇ ತಡೆದುಕೊಂಡು, ಆಮೇಲೆ ಹೋದಳು. ಮಹಡಿ ಹತ್ತಿದಾಗ ಗೊಂಬೆ ಕಿಟಕಿಯ ಕೆಳಗೆ ಕೂತಿತ್ತು. ತಾಯಿಯನ್ನು ಕಂಡು ಓಡಿ ಬರಲಿಲ್ಲ. ಎರಡೂ ಕೈ ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಬೇರೆ ಯಾರನ್ನೋ ನೋಡುವ ಹಾಗೆ ನೋಡಿತು. ಬಿಸಿಲಿನ ಹೊತ್ತಿನಲ್ಲಿ ಮೈಮೇಲೆ ಉಣ್ಣೆಯ ಸ್ವೆಟರು.

"ಜ್ವರವೇನಕ್ಕಾ?"

"ಜ್ವರವೂ ಇಲ್ಲ ಏನೂ ಇಲ್ಲ. ನೀನು ಬಿಟ್ಟು ಹೋದಾಗಿಂದ ಮೂರು ಹೊತ್ತೂ ಹೀಗೆ ಕೈ ಕಟ್ಕೊಂಡು ನನ್ನೆದುರು ಬಂದು ನಿಲ್ಲೋಳು," ಎಂದು ಅಕ್ಕ ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ಇಟ್ಟು ತೋರಿಸಿದಳು. "ಊಟಕ್ಕೆ ಕೂತ್ರೂ ಹೀಗೆ, ಮಲಗಿಸಿದ್ರೂ ಹೀಗೆ. ಪಾಪ, ಚಳಿಯೇನೋ ಅಂತ ನಾನೇ ಕೂತು ಸ್ವೆಟರ್ ಹೆಣೆದು ಹಾಕ್ದೆ. ಹಾಕಿದ ಮೇಲೂ ಬಿಡಲಿಲ್ಲ. ಈಗ ಎರಡು ದಿನದಿಂದ ನಿಂತಿದೆ ನೋಡು. ಹೊಂದಿಕೊಂಡ್ಳು. ಇನ್ನು ಟೀಚರ್ ಹತ್ರ ಕರ್ಕೊಂಡು ಹೋಗೋಕೆ ಶುರು ಮಾಡ್ತೀನಿ."

ಗಿರಣಿಯವಳು ಮಗುವಿನ ಮುಂದೆ ಕೂತಳು. ಕೂತಲ್ಲೇ ಮಗುವಿನ ಸ್ವೆಟರು ಬಿಚ್ಚಿದಳು. ತೊಡೆಯ ಕೆಳಗಿನಿಂದ ಆ ಕೈಗಳನ್ನು ಒಂದೊಂದಾಗಿ ಹೊರತೆಗೆದು ತನ್ನ ಕೆನ್ನೆಗೆ ಒತ್ತಿಕೊಂಡಳು. ಯಾರು ಹಾಕಿದರೂ ಗಿರಣಿ ನಿಲ್ಲುವ ಸನ್ನೆಯನ್ನು ಅವಳ ಕೂಸು ಹಗಲೂ ರಾತ್ರಿ ಹಾಕಿದೆ. ಏನೂ ನಿಂತಿಲ್ಲ. ಕೊನೆಗೆ ಕೈಗಳನ್ನೇ ಬಚ್ಚಿಟ್ಟುಕೊಂಡಿದೆ. ಬಾಯಿಯ ಮಾತು ಮೊದಲೇ ಇಲ್ಲ, ಈಗ ಇದ್ದದ್ದೂ ಹೋಯಿತು.

ಅವತ್ತೇ ಟೀಚರ್ ಬಳಿಗೆ ಹೋದಳು. ಗೊಂಬೆ ಚಾಪೆಯ ಮೇಲೆ ಕಲ್ಲಾಗಿ ಕೂತಿತು. ಟೀಚರ್ ಆಟಿಕೆ ತೆಗೆದಳು, ಇಟ್ಟಳು. "ನಾವು ಶುರು ಮಾಡಿದ ಜಾಗದಿಂದ ಹಿಂದಕ್ಕೆ ಹೋಗಿದ್ದೀವಿ," ಎಂದಷ್ಟೇ ಹೇಳಿದಳು. ಗಿರಣಿಯವಳು ಮಗುವನ್ನು ಕಂಕುಳಲ್ಲಿ ಅವುಚಿಕೊಂಡು ನೇರ ಬಸ್ಸು ಹತ್ತಿದಳು.

ಮನೆಗೆ ಬಂದು ವಿಷಯ ಹೇಳಿದಾಗ ಬೆಲ್ಟಜ್ಜಿ ತನ್ನ ಮೂರು ಬೆರಳಿನ ಕೈಯನ್ನೇ ನೋಡುತ್ತ ಕೂತಳು. ಮಾತಿನಜ್ಜನ ಹೆಸರನ್ನು ಆಮೇಲೆ ಅವಳು ಎತ್ತಲಿಲ್ಲ.

ಮಾರನೆಯ ದಿನದಿಂದ ಗಿರಣಿ ಮಧ್ಯಾಹ್ನದವರೆಗೆ ಮಾತ್ರ. ಮೋಟಾರು ನಿಲ್ಲಿಸಿ, ಮುಖ ತೊಳೆದು, ಸೊಸೆ ಚಾಪೆ ಹಾಸಿಕೊಂಡು ಮಗುವಿನೆದುರು ಕೂರುವಳು. ತಾನೇ ಬೆರಳು ಉಜ್ಜಿ, "ಹಾಲು," ಎಂದು ಹೇಳಿ ಕಾಯುವಳು. ಉತ್ತರವಿಲ್ಲ. ಕಲ್ಲಿನ ಮೇಲೆ ನೀರು ಸುರಿದಂತೆ ದಿನಗಳು ಹೋದವು. ವಾರ ವಾರ ಬಸ್ಸು, ವಾರ ವಾರ ಅದೇ ಚಾಪೆ. ಒಮ್ಮೊಮ್ಮೆ ಅವಳಿಗೆ ಮಗುವನ್ನು ಹಿಡಿದು ಅಲುಗಾಡಿಸಿ ಮಾತು ಉದುರಿಸಿಬಿಡಬೇಕೆನಿಸುತ್ತಿತ್ತು. ಆಗ ಎದ್ದು ಹೋಗಿ ಖಾಲಿ ಜರಡಿ ಒದರುತ್ತಿದ್ದಳು.

ಒಂದು ಬೆಳಿಗ್ಗೆ ಬೇಕರಿಯವನ ಗೋಧಿ ಅರ್ಧ ಬೀಸಿಯಾಗಿತ್ತು. ರಜಾಯಿ ಸರಿಸಿಕೊಂಡು ಗೊಂಬೆ ಹಿಂದಿನ ಬಾಗಿಲಲ್ಲಿ ಬಂದು ನಿಂತಿತು. ಬಹಳ ಹೊತ್ತು ಎಲ್ಲರನ್ನೂ ನೋಡಿತು. ಆಮೇಲೆ ಎರಡೂ ಕೈ ಮೆಲ್ಲಗೆ ಎದೆಯ ಮೇಲೆ ಅಡ್ಡ ಇಟ್ಟಿತು. ಸೊಸೆ ಏಳುವ ಮೊದಲೇ ಬೆಲ್ಟಜ್ಜಿ ಎದ್ದು ಮೋಟಾರು ಆರಿಸಿದಳು.

"ನಿಲ್ಲಿಸು," ಎಂದಳು ತಾಯಿ, ಮಗುವಿನೆದುರು ಮೊಣಕಾಲೂರಿ. "ನಿಲ್ಲಿಸು ಅಂದೆಯಾ? ನಿಲ್ತು ನೋಡು."

ಗೊಂಬೆಯ ತುಟಿ ತೆರೆಯಿತು. ಸದ್ದು ಬರಲಿಲ್ಲ. ಕೂಸು ಮತ್ತೆ ಒಳಗೆ ಹೋಯಿತು.

ಆದರೆ ರುಚಿ ಹತ್ತಿತು. ಮರುದಿನ ಮತ್ತೆ ಬಂತು, ಅದೇ ದಿನ ಇನ್ನೊಮ್ಮೆ ಬಂತು. ಪ್ರತಿಸಲವೂ ಮೋಟಾರು ನಿಂತಿತು. ನಿಂತು ಓಡಿ ಮಾಡಿದ ಕಲ್ಲಿನಲ್ಲಿ ಹಿಟ್ಟು ಒಂದೇ ಸಮ ಬರುವುದಿಲ್ಲ. ಒಂದು ಹಿಡಿ ನುಣ್ಣಗೆ, ಒಂದು ಹಿಡಿ ತರಿ.

"ಅಮ್ಮಾವ್ರೇ, ನಿಮ್ಮ ಹೊಸ ಮಾಲೀಕಳು ನನ್ನ ಬ್ರೆಡ್ಡಿಗೆ ಮರಳು ಹಾಕ್ತಿದ್ದಾಳೆ," ಎಂದ ಬೇಕರಿಯವನು. "ಒಂದು ಸಲ ನಿಲ್ಲಿಸದೇ ಇದ್ರೆ ಏನಾಗುತ್ತೆ?"

"ಬೆರಳು ಹೋಗುತ್ತೆ," ಎಂದಳು ಬೆಲ್ಟಜ್ಜಿ.

ಅವನೂ ಮುಖ್ಯ ರಸ್ತೆಯ ಗಿರಣಿಗೆ ಹೋದ. ಉಳಿದವರು ಬೆರಳೆಣಿಕೆ. ಬಾಗಿಲಲ್ಲಿ ಬಂದು ಕೈ ಅಡ್ಡ ಹಾಕುವ ಗೊಂಬೆಯ ಬಾಯಿಂದ ಇನ್ನೂ ಒಂದಕ್ಷರ ಹೊರಟಿರಲಿಲ್ಲ.

ಇದೆಲ್ಲ ಕೇಳಿ ಅಕ್ಕ ಆ ಸ್ವೆಟರನ್ನೂ ಹಿಡಿದುಕೊಂಡು ಮತ್ತೆ ಬಂದಳು. ಗಿರಣಿಯ ಕಟ್ಟೆಯ ಮೇಲೆ ಕೂತು, ಸೀರೆಗೆ ಹತ್ತಿದ ಹಿಟ್ಟು ಕೊಡವದೆ ಮಾತಾಡಿದಳು.

"ತಪ್ಪಾಯ್ತು ಕಣೇ. ನಂಗೆ ಗೊತ್ತಿರಲಿಲ್ಲ. ಈಗ ಗೊತ್ತಾಯ್ತಲ್ಲ, ಕೈ ಅಡ್ಡ ಹಾಕಿದ್ರೆ ನಿಲ್ಲಿಸು ಅಂತ. ಎಲ್ಲಾ ಸನ್ನೆ ಕಲಿಸು, ಕಲಿತು ಹೋಗ್ತೀನಿ. ಮಗುವನ್ನ ಕಳಿಸು. ಇಲ್ಲಿ ಗಿರಣಿಯೂ ಉಳಿಯಲ್ಲ, ಅವಳಿಗೆ ಮಾತೂ ಬರಲ್ಲ. ಎರಡೂ ಕಳ್ಕೊಂಡು ಏನು ಮಾಡ್ತೀಯ?"

ಗಿರಣಿಯವಳು ಕಲ್ಲಿಗೆ ಉಳಿ ಹಿಡಿದು ಸವೆದ ಗೆರೆಗಳನ್ನು ಕೊರೆಯುತ್ತಿದ್ದಳು. ಉಳಿ ಕೆಳಗಿಟ್ಟಳು. ಗೊಂಬೆ ಅವಳ ಬೆನ್ನಿಗೆ ಒರಗಿ ನಿಂತಿತ್ತು.

"ಗೊತ್ತಿಲ್ಲಕ್ಕ, ಏನು ಮಾಡ್ತೀನೋ. ನೀನು ಹೇಳೋದೆಲ್ಲ ನಿಜ. ಇವಳು ಮಾತಾಡದೇನೇ ಇರಬಹುದು, ಟೀಚರೇ ಗ್ಯಾರಂಟಿ ಕೊಡಲ್ಲ. ಆದ್ರೂ ಬೇಡ. ಸನ್ನೆ ಕಲಿತೀಯ, ಸರಿ. ನಿನ್ನ ಮನೇಲಿ ಇವಳು ಕೈ ಅಡ್ಡ ಹಾಕಿದ್ರೆ ನೀನು ಏನನ್ನ ನಿಲ್ಲಿಸ್ತೀಯ? ಅಲ್ಲಿ ಓಡ್ತಿರೋದೇ ಏನಿಲ್ಲವಲ್ಲ. ಇಲ್ಲಿ ಅವಳು ಹೇಳಿದ್ರೆ ಇಷ್ಟು ದೊಡ್ಡ ಕಲ್ಲು ನಿಲ್ಲುತ್ತೆ. ಅವಳ ಹತ್ರ ಇರೋದು ಅದೊಂದೇ ಮಾತು, ಅದನ್ನ ಕೇಳೋ ಮನೆ ಇದೊಂದೇ. ನಿನಗೆ ಬಸ್ಸಿಗೆ ಹೊತ್ತಾಯ್ತು, ಹೊರಡು. ಸ್ವೆಟರ್ ತಂದಿದ್ದೀಯಲ್ಲ, ಅದನ್ನೂ ತಗೊಂಡು ಹೋಗು. ಇವಳಿಗೆ ಚಳಿಯಾಗ್ತಿಲ್ಲ."